ತುಂಬಿದ ಬೀರು, ತೊಡಲು ಎರಡೇ ಅಂಗಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿನ ವಿಷಯದಲ್ಲಿ ನಮ್ಮ ಸಲಹೆಗೆ ಬಂದವರು 71 ವರ್ಷದ ನಿವೃತ್ತ ನೌಕರರು. ಕರೆತಂದವರು ಮಗಳು. ಅಪ್ಪ ಎರಡೇ ಅಂಗಿಗಳನ್ನು ಒಗೆದು ಒಗೆದು ಹಾಕುತ್ತಾರೆ, ಹೊಸದು ಕೊಡಿಸಿದರೆ ಕವರನ್ನೂ ಬಿಚ್ಚುವುದಿಲ್ಲ, ನಾಲ್ಕು ಜನ ಸೇರುವ ಕಡೆಗೆ ಬರುವುದನ್ನೇ ಬಿಟ್ಟಿದ್ದಾರೆ ಎಂಬುದು ಆಕೆಯ ದೂರು. ಒಮ್ಮೆ ಅಪ್ಪ ಇಲ್ಲದಾಗ ಮಗಳು ಬೀರು ಖಾಲಿ ಮಾಡಿ ಹಳೆಯದನ್ನೆಲ್ಲ ಮೂಟೆ ಕಟ್ಟಿದ್ದರು. ಅಪ್ಪ ಬಂದು ಮೂಟೆ ಬಿಚ್ಚಿ ಎಲ್ಲವನ್ನೂ ಮೊದಲಿನಂತೆ ಜೋಡಿಸಿಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತು ಕಡಿಮೆ. ಅಪ್ಪನದು ಒಂದೇ ಉತ್ತರ: ‘ಇರುವುದನ್ನೇ ಹಾಕಿ ಸವೆಸುತ್ತೇನೆ. ಇನ್ನೆಷ್ಟು ದಿನ?’

ಇಂಥ ಮಾತನ್ನು ವಯಸ್ಸಾದವರ ಮಾಮೂಲಿ ಮಾತೆಂದು ದಾಟಿ ಹೋಗಬಾರದು. ಹಾಗಾಗಿ ಬಟ್ಟೆಯ ವಿಷಯಕ್ಕೆ ಬರುವ ಮೊದಲು ನಿದ್ದೆ, ಹಸಿವು, ಸ್ನಾನ, ಇಷ್ಟದ ಕೆಲಸಗಳು, ಬದುಕು ಸಾಕೆನಿಸುತ್ತದೆಯೇ ಎಂಬುದನ್ನೂ ನೇರವಾಗಿಯೇ ಕೇಳಲಾಯಿತು. ಖಿನ್ನತೆಯಾಗಲಿ, ತೊಡುವ ಕ್ರಮವೇ ಮರೆತುಹೋಗುವಂಥ ಸೂಚನೆಯಾಗಲಿ ಕಾಣಲಿಲ್ಲ. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ ಎಂದಿದ್ದರಿಂದ ತೂಕವನ್ನೂ ವಿಚಾರಿಸಿದೆವು. ಪ್ರಯತ್ನವಿಲ್ಲದೆ 6ರಿಂದ 12 ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ದರ್ಜಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು. ಇವರ ತೂಕ ಇಳಿದಿರಲಿಲ್ಲ.

ಗುಟ್ಟು ಇದ್ದದ್ದು ಆ ಎರಡು ಅಂಗಿಗಳಲ್ಲಿ. ಅವುಗಳ ಕಾಜಾ ಸವೆದು ಅಗಲವಾಗಿತ್ತು, ಗುಂಡಿ ಸಲೀಸಾಗಿ ತೂರುತ್ತಿತ್ತು. ಬೆರಳ ಗಂಟುಗಳಲ್ಲಿ ನೋವಿರುವ ಅವರಿಗೆ ಹೊಸ ಅಂಗಿಯ ಬಿಗಿ ಕಾಜಾ, ಸಣ್ಣ ಗುಂಡಿಗಳೊಂದಿಗೆ ಹೆಣಗುವುದು ಸಾಧ್ಯವಿರಲಿಲ್ಲ. ಹಾಕಿಕೊಡು ಎಂದು ಮಗಳನ್ನು ಕೇಳುವುದು ಇನ್ನೂ ಸಾಧ್ಯವಿರಲಿಲ್ಲ. ಜೊತೆಗೆ ಆಕೆ ತರುತ್ತಿದ್ದದ್ದು ಹತ್ತು ವರ್ಷ ಹಿಂದಿನ ಅಳತೆ.

ಮೊದಲ ಸಲಹೆ, ಏನನ್ನೂ ಎಸೆಯದೆ ಅಳತೆ ತೆಗೆಸುವುದು. ಬೆನ್ನು ಬಾಗಿದವರ ಅಂಗಿ ಹಿಂದೆ ಮೇಲಕ್ಕೇರುತ್ತದೆ, ಮುಂದೆ ಜೋಲುತ್ತದೆ, ಕಾಲರ್ ಕತ್ತಿನ ಹಿಂಭಾಗದಿಂದ ದೂರ ನಿಲ್ಲುತ್ತದೆ. ಆದ್ದರಿಂದ ಮುಂದಿನ ಉದ್ದ, ಹಿಂದಿನ ಉದ್ದ ಬೇರೆ ಬೇರೆ ಅಳೆಯಬೇಕು, ನೆಟ್ಟಗೆ ನಿಲ್ಲಿ ಎಂದು ಹೇಳದೆ. ಸೊಂಟದ ಸುತ್ತಳತೆಯನ್ನು ನಿಂತಾಗಲೂ ಕೂತಾಗಲೂ ತೆಗೆದುಕೊಳ್ಳಬೇಕು. ಪ್ಯಾಂಟಿನ ಅಂಚು ಹಿಮ್ಮಡಿಗೆ ಸಿಕ್ಕುತ್ತಿದ್ದರೆ ಕಾಲು ಕುಗ್ಗಿದೆ ಎಂದಲ್ಲ, ಪ್ಯಾಂಟು ಹೊಟ್ಟೆಯ ಕೆಳಕ್ಕೆ ಜಾರಿದೆ. ಎಡವಿ ಬೀಳಲು ಇದೇ ಸಾಕು. ಪಾದರಕ್ಷೆ ತೊಟ್ಟು ನಿಂತಾಗ ಹಿಂಬದಿಯ ಅಂಚು ನೆಲದಿಂದ ಸುಮಾರು 2 ಸೆಂ.ಮೀ. ಮೇಲಿರಲಿ.

ಬೀರುವಿನ ಕೆಲಸಕ್ಕೆ ದಿನಕ್ಕೆ ಒಂದೇ ಖಾನೆ, ಅದೂ ಮುಕ್ಕಾಲು ಗಂಟೆಗಿಂತ ಹೆಚ್ಚಿಲ್ಲ. ನಿರ್ಧಾರ ಅಪ್ಪನದು, ಮಡಚುವುದಷ್ಟೇ ಮಗಳದು. ಕಣ್ಣಳತೆ ಬೇಡ, ಪ್ರತಿಯೊಂದನ್ನೂ ತೊಟ್ಟೇ ನೋಡಬೇಕು. ಬಿಡಲು ಮನಸ್ಸು ಒಪ್ಪದ್ದನ್ನು ತಾರೀಖು ಬರೆದ ಪೆಟ್ಟಿಗೆಯಲ್ಲಿ 6 ತಿಂಗಳು ಇಡಲಿ. ನಿವೃತ್ತಿಯ ದಿನದ ಕೋಟಿನಂಥದ್ದು ನೆನಪಿನ ವಸ್ತು. ಅದು ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬೇಡ.

ದುರಸ್ತಿಗೆ ಕೊಡುವಾಗ ಒಳಹೊಲಿಗೆ ತಿರುಗಿಸಿ ನೋಡಬೇಕು. ಮಡಚಿದ ಬಟ್ಟೆ ಇದ್ದರಷ್ಟೇ ಸೊಂಟವನ್ನು 2–3 ಸೆಂ.ಮೀ. ಬಿಡಿಸಬಹುದು. ಹಳೆಯ ಅಂಚು ಬಿಚ್ಚಿದರೆ ಮಾಸದ ಗೆರೆಯೊಂದು ಉಳಿಯುತ್ತದೆ, ಅದು ಇಸ್ತ್ರಿಗೆ ಹೋಗುವುದಿಲ್ಲ. ಭುಜ ಇಳಿಬಿದ್ದ ಅಂಗಿ, ಕೋಟುಗಳಿಗೆ ಹಣ ಸುರಿಯಬೇಡಿ: ಭುಜ ಕಿರಿದು ಮಾಡಲು ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು, ಆಗ ಕಂಕುಳು ಹಿಡಿಯುವುದೇ ಹೆಚ್ಚು. ಹಿಗ್ಗುವ ಬಟ್ಟೆ ಅಲೆಅಲೆಯಾಗಿದ್ದರೆ ಒಳಗಿನ ಎಳೆ ತುಂಡಾಗಿದೆ ಎಂದರ್ಥ, ಅದು ರಿಪೇರಿಗೆ ಬರುವುದಿಲ್ಲ.

ಗುಂಡಿಗೆ ಎರಡು ದಾರಿ ಹೇಳಿದೆವು. ಮಾಮೂಲಿ 11 ಮಿ.ಮೀ. ಗುಂಡಿ ತೆಗೆದು 15 ಮಿ.ಮೀ.ನದು ಹಾಕಿ, ಕಾಜಾವನ್ನು ತಕ್ಕಂತೆ ದೊಡ್ಡದು ಮಾಡಿಸುವುದು. ಗುಂಡಿ ಹಿಡಿತಕ್ಕೆ ಸಿಗುವಂತೆ ಬಟ್ಟೆಯಿಂದ 3 ಮಿ.ಮೀ. ಎತ್ತರದಲ್ಲಿ ದಾರ ಸುತ್ತಿ ಹೊಲಿಯಬೇಕು. ಇಲ್ಲವೇ ಕಾಜಾ ಮುಚ್ಚಿ, ಗುಂಡಿಯನ್ನು ಅದರ ಮೇಲೆ ಹೊಲಿದು ಒಳಗೆ ವೆಲ್ಕ್ರೋ ಹಾಕಿಸುವುದು. ವೆಲ್ಕ್ರೋ ಅಂಟಿಸದೆ ಒಗೆಯಲು ಹಾಕಿದರೆ ಉಳಿದ ಬಟ್ಟೆಗಳ ನೂಲೆಲ್ಲ ಕಿತ್ತುಬರುತ್ತದೆ. ಅವರು ಮೊದಲನೆಯದನ್ನೇ ಆರಿಸಿದರು, ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲವೆಂದು.

ಹೊಸದಾಗಿ ಕೊಳ್ಳಲು ಹೇಳಿದ್ದು 3 ಅಂಗಿ, 2 ಪ್ಯಾಂಟು, 1 ಜೊತೆ ಶೂ. ಮೊದಲು ಒಂದು ಅಂಗಿ, ಒಂದು ಪ್ಯಾಂಟು ಮಾತ್ರ. ಎರಡು ವಾರ ತೊಟ್ಟ ಮೇಲೆ ಉಳಿದದ್ದು. ವಯಸ್ಸಾದಂತೆ ಪಾದ ಅಗಲವಾಗುತ್ತದೆ, ಆದ್ದರಿಂದ ಶೂವಿಗೆ ಸಂಜೆ ಹೊತ್ತು, ನಿಂತು, ಎರಡೂ ಪಾದ ಅಳೆಯಬೇಕು. ಉದ್ದನೆಯ ಬೆರಳಿನ ಮುಂದೆ 1 ಸೆಂ.ಮೀ. ಜಾಗ ಬೇಕು.

ಎಡವಟ್ಟಾದದ್ದು ಪ್ಯಾಂಟಿನಲ್ಲಿ. ಜಾರದಿರಲೆಂದು ಭುಜಪಟ್ಟಿ (ಸಸ್ಪೆಂಡರ್) ಸೂಚಿಸಿದ್ದೆವು. ಶೌಚಾಲಯದ ಅವಸರದಲ್ಲಿ ಅದರ ಕ್ಲಿಪ್ಪು ಬಿಚ್ಚಲಾಗದೆ ಅವರು ಮತ್ತೆ ಹಳೆಯ ಪ್ಯಾಂಟಿಗೇ ಮರಳಿದರು. ಸೊಂಟದ ಎರಡೂ ಪಕ್ಕಗಳಿಗೆ ಎಲಾಸ್ಟಿಕ್ ಸೇರಿಸಿದ ಮೇಲೆ ಸರಿಹೋಯಿತು. ಜಿಪ್ಪಿನ ತುದಿಗೊಂದು ಉಂಗುರವನ್ನೂ ಹಾಕಿಸಲಾಯಿತು.

ಮಗಳಿಗೆ ಹೇಳಿದ್ದು ಎರಡೇ ಮಾತು. ಕೇಳದೆ ತಂದುಕೊಡಬೇಡಿ, ಜೊತೆಗೆ ಕರೆದುಕೊಂಡು ಹೋಗಿ. ‘ಈಗ ನೋಡು, ಮನುಷ್ಯರ ಹಾಗೆ ಕಾಣ್ತೀರಪ್ಪ’ ಎಂಬ ತಮಾಷೆಯನ್ನಂತೂ ಬಿಟ್ಟೇಬಿಡಿ.

ಮೂರನೇ ತಿಂಗಳ ಭೇಟಿಗೆ ಅವರು ಹೊಸ ಅಂಗಿ ತೊಟ್ಟು, ಒಬ್ಬರೇ ಬಂದರು. ಸ್ವೆಟರುಗಳ ಖಾನೆ ಇನ್ನೂ ಬಾಕಿಯಿದೆ. ಬೆವರು, ಕಲೆ ಇರುವ ಉಣ್ಣೆಗೆ ನುಸಿ ಬೇಗ ಬೀಳುವುದರಿಂದ, ಉಳಿಸಿಕೊಳ್ಳುವುದನ್ನು ಒಗೆದು, ಪೂರ್ತಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವಂತೆ ತಿಳಿಸಲಾಗಿದೆ.