ಕಿವಿ ಅಮ್ಮನದು, ಆ್ಯಪ್ ಮಗನ ಫೋನ್‌ನಲ್ಲಿ

ಹಿಯರಿಂಗ್ ಏಡ್ ಹಾಕಿಕೊಳ್ಳಲು ಒಪ್ಪದ ಹಿರಿಯರನ್ನು ಮನೆಯವರು ಸಲಹೆಗಾಗಿ ನನ್ನ ಹತ್ತಿರ ಕರೆತರುವುದು ಹೊಸದೇನಲ್ಲ. ಮೊದಲೆಲ್ಲ ಬರೀ ದೂರು ತರುತ್ತಿದ್ದರು. ಈಗ ಪುರಾವೆಯನ್ನೂ ತರುತ್ತಾರೆ. ಕೂತ ಕೂಡಲೇ ಮಗನೋ ಮಗಳೋ ಫೋನ್ ತೆಗೆದು, ಏಡ್ ದಿನಕ್ಕೆ ಎಷ್ಟು ಹೊತ್ತು ಹಾಕಿಕೊಂಡಿದ್ದರು ಎಂದು ಲೆಕ್ಕ ಇಡುವ ಆ್ಯಪ್ ತೋರಿಸುತ್ತಾರೆ. "ನೋಡಿ ಮೇಡಂ, ಸೋಮವಾರ 40 ನಿಮಿಷ. ಮಂಗಳವಾರ ಸೊನ್ನೆ." ಪಕ್ಕದಲ್ಲಿ ಅಪ್ಪನೋ ಅಮ್ಮನೋ ಸುಮ್ನೆ ಕೂತಿರುತ್ತಾರೆ. ಅವರಿಗೆ ಆ ಮಾತು ಪೂರ್ತಿ ಕೇಳಿಸಿರುವುದೂ ಇಲ್ಲ.

ಇದು ಪದೇ ಪದೇ ಆಗುತ್ತಿದೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಗೌರಮ್ಮ ಎನ್ನೋಣ.

ಗೌರಮ್ಮನವರದು 70ರ ಹತ್ತಿರದ ವಯಸ್ಸು. ದೊಡ್ಡಬಳ್ಳಾಪುರದವರು. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗಗಳಿದ್ದವು. ಮದುವೆಯಾಗಿ ಬಂದಾಗಿನಿಂದ ಕಂಡಿಕೆ (ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ) ಸುತ್ತಿದ್ದಾರೆ, ಬೇಕಾದಾಗ ಮಗ್ಗವನ್ನೂ ಓಡಿಸಿದ್ದಾರೆ. ಗಂಡ ತೀರಿಕೊಂಡ ಮೇಲೆ ಮಗ್ಗ ಮಾರಿ ಬೆಂಗಳೂರಿಗೆ ಬಂದು ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾರೆ.

ನಮ್ಮ ದೇಶದ ಕಾರ್ಖಾನೆ ನಿಯಮಗಳ ಪ್ರಕಾರ ದಿನಕ್ಕೆ 8 ಗಂಟೆ ಕೆಲಸ ಮಾಡುವವರ ಕಿವಿಗೆ 90 ಡೆಸಿಬಲ್‌ಗಿಂತ ಜಾಸ್ತಿ ಸದ್ದು ಬೀಳಬಾರದು. ಮನೆ ಪಕ್ಕದ ಮಗ್ಗದ ಶೆಡ್ಡಿನಲ್ಲಿ ಅದನ್ನು ಅಳೆಯುವವರು ಯಾರು? ಇಂಥ ಸದ್ದು ಮೊದಲು ಹೊಡೆಯುವುದು ಒಳಗಿವಿಯ ಸಣ್ಣ ಕೂದಲಿನಂಥ ಜೀವಕೋಶಗಳನ್ನು. 4000 ಹರ್ಟ್ಸ್‌ನ ಆಸುಪಾಸಿನ ಏರುಸ್ವರದ ತೆಳು ದನಿಗಳು ಮೊದಲು ಹೋಗುತ್ತವೆ. ಹೋದ ಜೀವಕೋಶ ಮತ್ತೆ ಬೆಳೆಯುವುದಿಲ್ಲ. ವಯಸ್ಸೂ ಅದೇ ಕಡೆಯಿಂದ ತಿನ್ನುತ್ತಾ ಬರುತ್ತದೆ. ಹಾಗಾಗಿ ಇಂಥವರಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಾಲು, ಹಾಲು, ಸಾಲು, ಪಾಲು ಎಲ್ಲವೂ ಒಂದೇ. "ಕೂಗಿದ್ರೆ ಕೇಳುತ್ತೆ, ಬೇಕು ಬೇಕಾದಾಗ ಕಿವುಡು" ಅಂತ ಮನೆಯವರು ಆಡಿಕೊಳ್ಳುವುದು ಇದಕ್ಕೇ. ಎಷ್ಟು ಅನ್ಯಾಯದ ಮಾತು ಅದು!

ಮಗ್ಗದ ಮನೆಯ ಹೆಂಗಸರಿಗೆ ತುಟಿ ನೋಡಿ ಮಾತು ಹಿಡಿಯುವುದು ತಾನಾಗಿ ಬಂದಿರುತ್ತದೆ. ಗೌರಮ್ಮ ಅದರಲ್ಲಿ ಪಳಗಿದವರು. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಾಗಲೇ ಮಕ್ಕಳಿಗೆ ಅಮ್ಮನ ಕಿವಿ ಎಷ್ಟು ಹೋಗಿದೆ ಎಂದು ಗೊತ್ತಾಗಿದ್ದು. ಆಮೇಲೂ ಅವರು ಬೇಡ ಬೇಡ ಅಂತಲೇ ವರ್ಷಗಳನ್ನು ತಳ್ಳಿದರು. ಕೊನೆಗೆ ಮಗ, ಮಗಳು ಸೇರಿ ಎರಡೂ ಕಿವಿಗೆ ಮಿಷನ್ ಕೊಡಿಸಿದರು. ಚಾರ್ಜ್ ಮಾಡುವಂಥದ್ದು, ಬ್ಲೂಟೂತ್ ಇರುವಂಥದ್ದು.

ಅಮ್ಮನ ಹತ್ತಿರ ಇದ್ದದ್ದು ಬಟನ್ ಫೋನ್. ಆ್ಯಪ್ ಮಗನ ಫೋನ್‌ಗೆ ಹೋಯಿತು. ಯಾರೂ ಕೂತು ತೀರ್ಮಾನಿಸಿದ್ದಲ್ಲ, ಅಂಗಡಿಯಲ್ಲೇ ಹಾಗೆ ಆಗಿಬಿಟ್ಟಿತು.

ಮಗ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವವರು ಅವನನ್ನು ಬೈಯಬಹುದು. ಹಾಲ್‌ನಿಂದ "ಅಮ್ಮಾ" ಅಂತ ಕರೆಯುತ್ತಿದ್ದ. ಉತ್ತರ ಬರದಿದ್ದರೆ ಆ್ಯಪ್‌ನಲ್ಲಿ ಮಿಷನ್ ಸದ್ದನ್ನು ಎರಡು ಮೆಟ್ಟಿಲು ಏರಿಸುತ್ತಿದ್ದ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕಿವಿಯಲ್ಲಿ ಟಿಂಗ್ ಟಿಂಗ್ ಎಂದು ಬಡಿದು, ಅದರ ಹಿಂದೆಯೇ ಮಿಕ್ಸಿ ಸದ್ದು ಮೈಮೇಲೆ ಬಿದ್ದ ಹಾಗೆ. ಮೊದಲ ವಾರ ದಿನಕ್ಕೆ ಆರೇಳು ಗಂಟೆ ಹಾಕಿಕೊಂಡಿದ್ದರು. ಆಮೇಲೆ ಅರ್ಧ ಗಂಟೆ. ಆಮೇಲೆ ಸೊನ್ನೆ. ಆ ಲೆಕ್ಕವೂ ಮಗನ ಫೋನ್‌ನಲ್ಲೇ ಇತ್ತು. "ಹಠ ಮೇಡಂ. ಸ್ವಲ್ಪ ಅಡ್ಜಸ್ಟ್ ಆಗೋವರೆಗೂ ಹಾಕ್ಕೊಳಿ ಅಂದ್ರೆ ಕೇಳಲ್ಲ" ಅಂದ.

ಮಗನನ್ನು ಹೊರಗೆ ಕೂರಲು ಹೇಳಿದೆ. ಗೌರಮ್ಮನವರ ಎದುರಿಗೆ, ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕುರ್ಚಿ ಎಳೆದುಕೊಂಡು ಕೂತೆ. ಮಿಷನ್ ಎಲ್ಲಿ ಎಂದು ಕೇಳಿದೆ. ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಕರ್ಚೀಫು, ಕರ್ಚೀಫಿನೊಳಗೆ ಡಬ್ಬಿ.

"ಬೀರುವಲ್ಲಿ ಇಡ್ತೀನಿ ಕಣಮ್ಮ. ಸರದ ಜೊತೇಲಿ."

ಯಾಕೆ ಅಷ್ಟು ಜೋಪಾನ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಂತು.

"ಅವತ್ತು ಭಾನುವಾರ. ಒಳಗೆ ಸೊಪ್ಪು ಬಿಡಿಸ್ತಾ ಕೂತಿದ್ದೆ. ಇದ್ದಕ್ಕಿದ್ದಂಗೆ ಕಿವಿಯೊಳಗೇ ನಮ್ಮ ಹುಡ್ಗಿ ಮಾತಾಡಿದ್ಲು. ಎದ್ದು ನೋಡ್ತೀನಿ, ಯಾರೂ ಇಲ್ಲ. 'ಅಣ್ಣಾ, ಅಮ್ಮ ಮಿಷನ್ ಹಾಕ್ಕೊಳ್ತಾಳಾ ಇಲ್ವಾ? ಎರಡು ಲಕ್ಷ ದಂಡ ಆಗ್ದಿದ್ರೆ ಸಾಕು' ಅಂದ್ಲು. ನಂಗೆ ಇಪ್ಪತ್ತು ಸಾವ್ರ ಅಂತ ಹೇಳಿದ್ರು ಕಣಮ್ಮ ಇವ್ರು."

ಏನಾಗಿತ್ತು ಎಂದು ತಕ್ಷಣ ಹೊಳೆಯಿತು. ಮಿಷನ್ ಜೋಡಿಯಾಗಿದ್ದು ಮಗನ ಫೋನ್‌ಗೆ. ಬ್ಲೂಟೂತ್ ಮನೆಯೊಳಗೆ ಸುಮಾರು 10 ಮೀಟರ್ ದೂರಕ್ಕೆ ಎಟಕುತ್ತದೆ. ಮಗನಿಗೆ ಬಂದ ಕರೆ ಅಮ್ಮನ ಕಿವಿಗೆ ಹೋಗಿದೆ. ಫೋನ್‌ನಿಂದ ನೇರವಾಗಿ ಬರುವ ಮಾತಿಗೆ ಫ್ಯಾನು, ಟಿವಿ, ಪಾತ್ರೆಯ ಗದ್ದಲ ಬೆರೆಯುವುದಿಲ್ಲ. ಎರಡೂ ಕಿವಿಗೆ ಒಟ್ಟಿಗೆ ಬರುತ್ತದೆ. ಮಿಷನ್ ಹಾಕಿಕೊಂಡ ಮೇಲೆ ಗೌರಮ್ಮ ತುಟಿ ನೋಡದೆ, ಒಂದು ಅಕ್ಷರವೂ ತಪ್ಪದೆ ಕೇಳಿಸಿಕೊಂಡ ಮೊದಲ ಮಾತು ಅದು.

ಮಗಳ ಮೇಲೆ ಬೇಜಾರಾ ಎಂದು ಕೇಳಿದೆ. ಇಲ್ಲ ಅಂದರು. "ಅವ್ಳ ದುಡ್ಡು, ಅವ್ಳು ಕೇಳ್ತಾಳೆ. ಎರಡು ಲಕ್ಷದ್ದು ಕಿವೀಲಿಟ್ಕೊಂಡು ಒಲೆ ಮುಂದೆ ನಿಂತ್ಕೊಳಕ್ಕೆ ಆಗ್ತದಾ? ಬೆವ್ರು ಬಿದ್ರೆ? ಬಚ್ಚಲಲ್ಲಿ ಬಿದ್ದೋದ್ರೆ?" ಅಂದರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಆ ಮಾತಿಗಾಗಿ.

"ಎಳೆ ಕಿತ್ತೋದ್ರೆ ಮಗ್ಗ ನಿಲ್ಸೋ ಹಿಡಿ ನೇಯೋರ ಕೈಲೇ ಇರ್ಬೇಕಲ್ವೇನಮ್ಮ? ಹಾಲ್‌ನಲ್ಲಿ ಕೂತೋರ ಕೈಲಿದ್ರೆ ಬಟ್ಟೆ ಏನಾಗ್ಬೇಡ?"

ಮಗನನ್ನು ಒಳಗೆ ಕರೆದೆ. ಫೋನ್ ವಿಷಯ ನಾನು ಹೇಳಲಿಲ್ಲ, ಅವರೇ ಹೇಳಿದರು. ಅವನ ಮುಖ ಸಪ್ಪಗಾಯಿತು. "ಅವತ್ತು ನನ್ನ ಫೋನ್‌ನಲ್ಲಿ ಏನೂ ಕೇಳಿಸ್ಲಿಲ್ಲ. ಸ್ಪೀಕರ್ ಕೆಟ್ಟಿದೆ ಅಂದ್ಕೊಂಡು ಕಟ್ ಮಾಡ್ದೆ" ಅಂದ. ತಂಗಿಯ ಪರವಾಗಿ ಏನೋ ವಿವರಿಸಲು ಹೊರಟ. ಬೇಡ ಎಂದೆ. ಆ ಮಾತು ಎಷ್ಟು ಹಗುರವಾಗಿ ಆಡಿದ್ದು ಎಂದು ತಾಯಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದು ಬೇರೆ.

ನಾನು ಹೇಳಿದ್ದು ಇದು. ಇವತ್ತೇ ಮಗನ ಫೋನ್‌ನಿಂದ ಜೋಡಣೆ ತೆಗೆಯಿರಿ, ಆ್ಯಪ್ ಅಳಿಸಿ. ಹೊಸ ಸ್ಮಾರ್ಟ್‌ಫೋನ್ ಈಗಲೇ ಬೇಡ. ಮಿಷನ್ ಮೇಲೆಯೇ ಸಣ್ಣ ಬಟನ್ ಇದೆ. ಬಲಗಿವಿಯದು ಒತ್ತಿದರೆ ಸದ್ದು ಏರುವ ಹಾಗೆ, ಎಡಗಿವಿಯದು ಒತ್ತಿದರೆ ಇಳಿಯುವ ಹಾಗೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಹೊಂದಿಸಿಕೊಂಡು ಬನ್ನಿ. ಬಿಲ್ಲನ್ನು ಅಮ್ಮನ ಕೈಗೆ ಕೊಡಿ. ಬೆಲೆ ಮುಚ್ಚಿಟ್ಟರೆ ಹಿರಿಯರಿಗೆ ಆರಾಮ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದು ಯಾವತ್ತೂ ಮುಚ್ಚಿಯೇ ಉಳಿಯುವುದಿಲ್ಲ. ಬೆವರಿಗೆ ಹೆದರಬೇಕಿಲ್ಲ, ರಾತ್ರಿ ತೆಗೆದಾಗ ಒಣ ಬಟ್ಟೆಯಲ್ಲಿ ಒರೆಸಿದರಾಯಿತು. ತೆಗೆಯಲೇಬೇಕಾದ್ದು ಸ್ನಾನಕ್ಕೆ, ಮಲಗುವಾಗ. ಚಾರ್ಜರ್ ಬೀರುವಿನಲ್ಲಿ ಅಲ್ಲ, ಹಾಸಿಗೆ ಪಕ್ಕ ಇರಲಿ.

ಹಾಕಿಕೊಳ್ಳುವುದು ಎಷ್ಟು ಹೊತ್ತು? ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯಿಂದ ಶುರು ಮಾಡಿ, ಪ್ರತಿ ವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಎಂದೆ. ಮೊದಲು ಮನೆಯೊಳಗೆ, ಒಬ್ಬೊಬ್ಬರ ಜೊತೆ. ಮೊಮ್ಮಗ ಪಾಠ ಓದಿದರೆ ಕೇಳಿ. ಛತ್ರದ ಮದುವೆ ಆಮೇಲೆ. ಫ್ರಿಜ್ಜಿನ ಗುಂಯ್, ಚಪ್ಪಲಿ ಸದ್ದು, ನಲ್ಲಿ ತೊಟ್ಟಿಕ್ಕುವುದು, ಇವೆಲ್ಲ ವರ್ಷಗಟ್ಟಲೆ ಮರೆತುಹೋದ ಸದ್ದುಗಳು. ಒಟ್ಟಿಗೆ ಬಂದಾಗ ಮೆದುಳಿಗೆ ಯಾವುದು ಬೇಕು, ಯಾವುದು ಬೇಡ ಗೊತ್ತಾಗುವುದಿಲ್ಲ. ದಿನಾ ಕೇಳುತ್ತಿದ್ದರೆ ಬೇಡದ್ದನ್ನು ಅದೇ ಹಿಂದಕ್ಕೆ ತಳ್ಳುತ್ತದೆ. ಕೆಲವರಿಗೆ ವಾರಗಳು ಸಾಕು, ಕೆಲವರಿಗೆ ತಿಂಗಳುಗಳು ಬೇಕು. ಡಬ್ಬಿಯಲ್ಲಿಟ್ಟರೆ ಪಾಠ ಮತ್ತೆ ಮೊದಲಿಂದ. ನಮ್ಮದೇ ದನಿ ನಮಗೆ ಗಡುಸಾಗಿ ಕೇಳುವುದೂ ಇದೇ ಹೊತ್ತಿನ ತೊಂದರೆ. ಕಿವಿಯೊಳಗೆ ಕೂರುವ ರಬ್ಬರಿನ ತುದಿ ಬದಲಿಸಿದರೆ ಎಷ್ಟೋ ಸರಿಹೋಗುತ್ತದೆ. ಆದರೆ ಅಡ್ಜಸ್ಟ್ ಆಗಿ ಎಂಬ ಮಾತಿಗೆ ಒಂದು ಮಿತಿ ಇದೆ. ಕಿವಿ ನೋಯುತ್ತಿದ್ದರೆ, ತುರಿಕೆ, ಹುಣ್ಣು ಆಗಿದ್ದರೆ, ಜೋರು ಸದ್ದಿಗೆ ಮೈ ಬೆಚ್ಚಿಬೀಳುತ್ತಿದ್ದರೆ ತಡೆದುಕೊಳ್ಳಬಾರದು. ಇಂಥ ಕಿವಿಗೆ ಮೆಲ್ಲನೆಯ ಸದ್ದು ಕೇಳುವುದಿಲ್ಲ, ಜೋರು ಸದ್ದು ಮಾತ್ರ ಎಲ್ಲರಿಗಿಂತ ಬೇಗ ಸಹಿಸಲಾಗದಷ್ಟಾಗುತ್ತದೆ. ಜೋರು ಸದ್ದಿನ ಮಿತಿಯನ್ನು ಆಡಿಯಾಲಜಿಸ್ಟ್ ಇಳಿಸಬಲ್ಲರು. ಅದಕ್ಕೆ ಅವರಿಗೆ ಯಾವ ಸದ್ದು, ಎಲ್ಲಿ ಎಂದು ಹೇಳಬೇಕು. "ಸರಿಯಿಲ್ಲ" ಅಂದರೆ ಅವರಾದರೂ ಏನು ಮಾಡಿಯಾರು.

ಮಗನಿಗೆ ಹೇಳಿದ್ದು ಸ್ವಲ್ಪ ಕಠಿಣವಾಗಿಯೇ ಇತ್ತು. ಹಾಲ್‌ನಿಂದ ಕೂಗಬೇಡಿ, ಎದ್ದು ಹೋಗಿ. ಎಷ್ಟು ದುಬಾರಿ ಮಿಷನ್ ಆದರೂ ಎರಡು ಮೀಟರ್ ಒಳಗೆ, ಮುಖ ನೋಡಿಕೊಂಡು ಆಡಿದ ಮಾತನ್ನೇ ಚೆನ್ನಾಗಿ ಹಿಡಿಯುವುದು. ಗೋಡೆಯಾಚೆಯ ಮಾತಿಗೆ ಆ್ಯಪ್ ಪರಿಹಾರ ಅಲ್ಲ.

ಈ ಸಲಹೆಯನ್ನು ಒಬ್ಬ ಆಡಿಯಾಲಜಿಸ್ಟ್ ಗೆಳತಿ ಒಪ್ಪಲಿಲ್ಲ. "ಆ್ಯಪ್ ಇದ್ದರೆ ನಾವು ದೂರದಿಂದಲೇ ಟ್ಯೂನ್ ಮಾಡಬಹುದು. ಕಳೆದುಹೋದರೆ ಹುಡುಕಬಹುದು. ಅಷ್ಟು ದುಡ್ಡು ಕೊಟ್ಟು ಅರ್ಧ ಸೌಕರ್ಯ ಬಿಡು ಅಂದ್ರೆ ಹೇಗೆ?" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಮರೆವಿನ ಕಾಯಿಲೆ ಇರುವವರಿಗೆ, ಬೆರಳು ಆಡದವರಿಗೆ ಮನೆಯವರೇ ನೋಡಿಕೊಳ್ಳಬೇಕಾಗುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಗೌರಮ್ಮನಿಗೆ ಎರಡೂ ಇರಲಿಲ್ಲ. ಸಾವಿರಾರು ಎಳೆಗಳಲ್ಲಿ ಕಿತ್ತುಹೋದ ಒಂದನ್ನು ಹುಡುಕಿ ಗಂಟು ಹಾಕಿದ ಕೈಗೆ ಒಂದು ಬಟನ್ ಕಷ್ಟವೇ? ಹಾಕಿಕೊಂಡ ಗಂಟೆಗಳ ಲೆಕ್ಕ ಆಡಿಯಾಲಜಿಸ್ಟ್ ನೋಡಲಿ, ಟ್ಯೂನ್ ಮಾಡಲು ಅವರಿಗೆ ಬೇಕು. ಮಗನ ಕೈಯಲ್ಲಿ ಅದು ಹಾಜರಿ ಪುಸ್ತಕ ಆಗುತ್ತದೆ. ತಾಯಿ ಕೇಳಿಸಿಕೊಳ್ಳಲು ಹಾಕುವುದು ಬಿಟ್ಟು, ಬೈಸಿಕೊಳ್ಳದಿರಲು ಹಾಕುತ್ತಾರೆ.

ಇನ್ನೂ ಕೊಳ್ಳದವರಿಗೆ ಒಂದು ಮಾತು, ಇದು ನನ್ನ ಕೆಲಸದ ಗಡಿ ದಾಟಿದರೂ ಪರವಾಗಿಲ್ಲ. ಎಲ್ಲ ಫೋನ್‌ಗೂ ಎಲ್ಲ ಮಿಷನ್ ಹೊಂದುವುದಿಲ್ಲ. ಫೋನ್‌ನ ದನಿಯನ್ನು ನೇರವಾಗಿ ಮಿಷನ್‌ಗೆ ಕಳಿಸುವ ಸೌಲಭ್ಯ ಐಫೋನ್‌ಗಳಲ್ಲಿ ಬಂದು ಹತ್ತು ವರ್ಷ ದಾಟಿದೆ. ಆಂಡ್ರಾಯ್ಡ್‌ನಲ್ಲಿ ಬಂದದ್ದು 2019ರ 10ನೇ ಆವೃತ್ತಿಯಿಂದ, ಅದೂ ಎಲ್ಲ ಫೋನ್‌ಗಳಲ್ಲಿ ಇಲ್ಲ. ಕೆಲವದರಲ್ಲಿ ಆ್ಯಪ್ ನಡೆಯುತ್ತದೆ, ಕರೆಯ ದನಿ ಮಾತ್ರ ಕಿವಿಗೆ ಬರುವುದಿಲ್ಲ. ಅದಕ್ಕೇ ಹಾಕಿಕೊಳ್ಳುವವರ ಫೋನನ್ನೇ ತೆಗೆದುಕೊಂಡು ಹೋಗಿ ನೋಡಿ. ಅವರದು ಬಟನ್ ಫೋನ್ ಆಗಿದ್ದು, ಬದಲಿಸುವ ಮನಸ್ಸು ಅವರಿಗಿಲ್ಲದಿದ್ದರೆ ಬ್ಲೂಟೂತ್‌ಗೆ ದುಡ್ಡು ಯಾಕೆ? ಕಿವಿಗೆ ತಕ್ಕ ಹಾಗೆ ಸರಿಯಾಗಿ ಹೊಂದಿಸಿದ ಸಾದಾ ಮಿಷನ್, ಸರಿಯಾಗಿ ಹೊಂದಿಸದ ದುಬಾರಿ ಮಿಷನ್‌ಗಿಂತ ಎಷ್ಟೋ ವಾಸಿ.

ಗೌರಮ್ಮ ಈಗ ಬೆಳಿಗ್ಗೆ ಹಾಕಿಕೊಂಡರೆ ರಾತ್ರಿ ತೆಗೆಯುತ್ತಾರಂತೆ. ಮಿಕ್ಸಿ ಹಾಕುವ ಮುಂಚೆ ಎಡಗಿವಿಯ ಬಟನ್ ಒತ್ತುತ್ತಾರೆ. ಟಿವಿ ಸೀರಿಯಲ್‌ನಲ್ಲಿ ಅಳು ಜಾಸ್ತಿಯಾದಾಗಲೂ ಒತ್ತುತ್ತಾರೆ ಎಂದು ಸೊಸೆ ನಗುತ್ತಾ ಹೇಳಿದಳು. ಛತ್ರದ ಗಲಾಟೆಯಲ್ಲಿ ಈಗಲೂ ಕಷ್ಟವೇ, ಅಲ್ಲಿ ತುಟಿಯನ್ನೇ ನೋಡುತ್ತಾರೆ. ಮಗಳ ಜೊತೆ ಆ ಎರಡು ಲಕ್ಷದ ಮಾತು ಬಂದಿದೆಯೋ ಇಲ್ಲವೋ, ನಾನು ಕೇಳಲಿಲ್ಲ.

ಹೋದ ಸಲ ಬಂದಾಗ ಮಗ ಕೇಳಿದ. ಸದ್ದು ಏರಿಸಲ್ಲ, ಗಂಟೆ ನೋಡಲ್ಲ, ಕಳೆದುಹೋದರೆ ಹುಡುಕಲು ಮಾತ್ರ ಆ್ಯಪ್ ಇಟ್ಟುಕೊಳ್ಳಬಹುದಾ ಎಂದು. ನನ್ನನ್ನಲ್ಲ, ಅಮ್ಮನನ್ನು ಕೇಳಿ ಎಂದೆ. ಅಲ್ಲೇ ತಿರುಗಿ, ಮುಖ ನೋಡಿಕೊಂಡು ಕೇಳಿದ.

"ಕಳೆದ್ರೆ ನಾನೇ ಹುಡುಕ್ತೀನಿ ಬಿಡಪ್ಪ" ಅಂದರು.