ಅಕ್ಕೋರ ಉತ್ತರ: ಗುಮ್ಮಟದ ಅಳತೆ, ಮೊಮ್ಮಗನ ಫೋನು

ಓದುಗರ ಪತ್ರಗಳಿಗೆ ವಿಜಯಪುರದ ನಿವೃತ್ತ ಹೈಸ್ಕೂಲು ಶಿಕ್ಷಕಿಯೊಬ್ಬರ ಉತ್ತರ

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನನಗೆ 74 ವರ್ಷ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಒಕ್ಕಲುತನಕ್ಕೆ ನಿಂತವನು. ಮೊಮ್ಮಗ ಒಂಬತ್ತನೇ ಇಯತ್ತೆ. ಏನು ಕೇಳಿದರೂ ಫೋನು ತಿಕ್ಕಿ ಹೇಳುತ್ತಾನೆ. ಮೊನ್ನೆ ಹತ್ತೊಂಬತ್ತರ ಮಗ್ಗಿ ಹೇಳು ಅಂದರೆ, "ಅಜ್ಜಾ, ನೀವೆಲ್ಲಾ ಬರೇ ಬಾಯಿಪಾಠ ಮಾಡಿದ್ರಿ, ಕಲೀಲಿಲ್ಲ" ಅಂದ. ಸಿಟ್ಟು ಬಂತು. ನಮ್ಮ ಸಾಲಿ ಚಲೋ ಇತ್ತೋ, ಅವನ ಸಾಲಿ ಚಲೋ ಐತೋ? ನೀವು ಎರಡೂ ಕಂಡವರು. ಖರೇ ಹೇಳಿರಿ.
– ಒಬ್ಬ ಅಜ್ಜ, ಸಿಂದಗಿ ತಾಲ್ಲೂಕು

ಉತ್ತರ: ಅಣ್ಣಾರೆ, ಮೊದಲು ನಿಮ್ಮ ಕಡೆ ಮಾತಾಡುತ್ತೇನೆ. ಆಮೇಲೆ ಮೊಮ್ಮಗನ ಕಡೆ. ನಡುವೆ ಪತ್ರಿಕೆ ಮಡಚಿ ಇಡಬೇಡಿ.

ನಾನು 1977ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ನಮ್ಮೂರ ಕನ್ನಡ ಸಾಲಿಯಲ್ಲಿ ಇಬ್ಬರು ಮಾಸ್ತರರು, ನಾಲ್ಕು ಇಯತ್ತೆ, ಒಂದೇ ಕೋಣೆ. ಸಂಜೆ ಬಿಡುವ ಮುಂಚೆ ಅರ್ಧ ತಾಸು ಸಾಲಾಗಿ ನಿಂತು ಮಗ್ಗಿ ಹೇಳಬೇಕು. ಒಬ್ಬ ಮುಂದೆ ಹೇಳುವುದು, ಉಳಿದವರು ಹಿಂದೆ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯೂ ಇತ್ತು. ಅದೇನು ಸುಮ್ನೆ ಹೇಳಿಸುತ್ತಿದ್ದದ್ದಲ್ಲ. ಸಂತೆಯಲ್ಲಿ ಲೆಕ್ಕ ಮಾಡುವುದಕ್ಕೆ ಬೇಕಿತ್ತು. ಈಗಲೂ ಒಂದೂವರೆ ಕಿಲೋ ಬದನೆಕಾಯಿಗೆ ಎಷ್ಟಾಯಿತು ಅಂದರೆ, ಮಾರುವವಳು ಫೋನು ತೆಗೆಯುವಷ್ಟರಲ್ಲಿ ನೀವು ರೊಕ್ಕ ಎಣಿಸಿ ಮುಂದೆ ಹಿಡಿದಿರುತ್ತೀರಿ. ಅದನ್ನು ಕಲಿಕೆ ಅಲ್ಲ ಅನ್ನಲು ನನ್ನಿಂದ ಆಗುವುದಿಲ್ಲ.

ಇನ್ನು ಮೊಮ್ಮಗನ ಕಡೆ. ಇದಕ್ಕೆ ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳಬೇಕು.

1986ರಲ್ಲಿ ನೌಕರಿಗೆ ಸೇರಿದೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಎಂಟನೇ ಇಯತ್ತೆಯ ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಿದ್ದ ಕೆಲಸ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಹುಡುಗರ ಅಂಗಿ ಬೆವರಿನಿಂದ ಒದ್ದೆ. ಮೇಲಿನ ಗ್ಯಾಲರಿಯಲ್ಲಿ ನಾನು ಗೋಡೆಗೆ ಬಾಯಿ ಹಚ್ಚಿ, ಗಣಿತದ ಹೋಂವರ್ಕ್ ಮಾಡದೆ ಬಂದವನ ಹೆಸರು ಪಿಸುಗುಡುತ್ತಿದ್ದೆ. ಆ ತುದಿಯಲ್ಲಿ ನಿಂತ ಅವನಿಗೇ ಅದು ಕೇಳಿಸಿ ಬೆಚ್ಚಿ ಬೀಳುತ್ತಿದ್ದ. ಎಲ್ಲರೂ ನಗುವುದು. ನಗು ಗುಮ್ಮಟದಲ್ಲಿ ಸುತ್ತು ಹಾಕಿ ಹಾಕಿ ಮರಳಿ ಬರುವುದು.

ಆಮೇಲೆ ನನ್ನ ಭಾಷಣ. ಇದು ಮೊಹಮ್ಮದ್ ಆದಿಲ್ ಶಾಹನ ಗೋರಿ, ಅವನು ತೀರಿದ್ದು 1656ರಲ್ಲಿ, ಇದು ಜಗತ್ತಿನ ಎರಡನೇ ದೊಡ್ಡ ಗುಮ್ಮಟ, ಇದಕ್ಕಿಂತ ದೊಡ್ಡದು ರೋಮಿನ ಸೇಂಟ್ ಪೀಟರ್ಸ್ ಒಂದೇ. ನನ್ನ ಮಾಸ್ತರರು ನನಗೆ ಹೇಳಿದ್ದು, ನಾನು ಮಕ್ಕಳಿಗೆ ಹೇಳಿದ್ದು. ಈ ಊರಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. 28 ವರ್ಷ ಹೇಳಿದೆ.

2014. ಬಿಜಾಪುರ ಹೋಗಿ ವಿಜಯಪುರ ಅಂತ ಬೋರ್ಡುಗಳಿಗೆ ಹೊಸ ಬಣ್ಣ ಬೀಳುತ್ತಿದ್ದ ದಿನಗಳು. ಒಬ್ಬ ಹುಡುಗ ಅಣ್ಣನ ಫೋನು ಕದ್ದು ತಂದಿದ್ದ. ನನ್ನ ಭಾಷಣ ಮುಗಿಯುವ ಮುಂಚೆಯೇ ಕೈ ಎತ್ತಿದ. "ಅಕ್ಕೋರ, ತಪ್ಪ ಐತ್ರಿ. ರೋಮಿನಾಗ ಪ್ಯಾಂಥಿಯನ್ ಅಂತ ಇನ್ನೊಂದ ಐತ್ರಿ. 43 ಮೀಟರ್ ಅದ ಅಂತ್ರಿ."

ನಾನು ಏನು ಕೇಳಿದೆ ಗೊತ್ತೇ? "ಫೋನ್ ಯಾಕ ತಂದಿ?" ಅಂತ. ಸಿಟ್ಟು ಬಂದದ್ದು ಫೋನಿನ ಮೇಲೆ ಅಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಫೋನು ಕಸಿದು ನನ್ನ ಚೀಲಕ್ಕೆ ಹಾಕಿಕೊಂಡೆ.

ರಾತ್ರಿ ಮಗನ ಕಂಪ್ಯೂಟರಿನ ಮುಂದೆ ಕೂತೆ. ಹುಡುಗ ಹೇಳಿದ್ದು ಖರೇ. ಪ್ಯಾಂಥಿಯನ್ ಸುಮಾರು 1900 ವರ್ಷ ಹಳೆಯದು, ಒಳಗಿನ ಅಡ್ಡಳತೆ 43 ಮೀಟರಿಗೂ ತುಸು ಜಾಸ್ತಿ. ಸೇಂಟ್ ಪೀಟರ್ಸ್‌ದು ಸುಮಾರು 41 ಮೀಟರು. ನಮ್ಮ ಗುಮ್ಮಟದ್ದೇ ಗೊಂದಲ. ಒಂದು ಕಡೆ 44 ಅಂತ ಇದೆ, ಇನ್ನೊಂದು ಕಡೆ 38. 44 ಹಿಡಿದರೆ ರೋಮಿನ ಎರಡಕ್ಕಿಂತಲೂ ನಮ್ಮದೇ ದೊಡ್ಡದು. 38 ಹಿಡಿದರೆ ಎರಡಕ್ಕಿಂತಲೂ ಸಣ್ಣದು. 44ನ್ನೇ ಹಿಡಿದು ಮರುದಿನ ಹುಡುಗನ ಬಾಯಿ ಮುಚ್ಚಿಸೋಣ ಅನ್ನಿಸಿದ್ದು ಸುಳ್ಳಲ್ಲ.

ಹಾಗೆ ಮಾಡಲಿಲ್ಲ. ಬೋರ್ಡಿನ ಮೇಲೆ ಎರಡೂ ಅಂಕಿ ಬರೆದೆ. "ಒಂದೇ ಗುಮ್ಮಟಕ್ಕೆ ಎರಡು ಅಳತೆ ಹೆಂಗ ಬಂತು?" ಅಂತ ಕೇಳಿದೆ. ಫೋನಿನ ಹುಡುಗ ಸುಮ್ಮನೆ ಕೂತ. ಅವನು 43 ಸಿಕ್ಕ ಕೂಡಲೇ ಹುಡುಕುವುದು ನಿಲ್ಲಿಸಿದ್ದ, ನಮ್ಮ ಗುಮ್ಮಟದ ಅಳತೆ ನೋಡಿಯೇ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಅವಳ ಅಪ್ಪ ಗೌಂಡಿ. "ಒಳಗಿಂದ ಒಂದು, ಹೊರಗಿಂದ ಒಂದು ಇರಬೇಕ್ರಿ. ಗ್ವಾಡಿ ದಪ್ಪ ಇರತೈತಲ್ರಿ."

ಹೌದಲ್ವಾ! ಗುಮ್ಮಟದ ಬುಡದಲ್ಲಿ ಗೋಡೆಯ ದಪ್ಪ ಸುಮಾರು 3 ಮೀಟರು. ಆ ಕಡೆ ಮೂರು, ಈ ಕಡೆ ಮೂರು. 44ರಲ್ಲಿ 6 ಕಳೆದರೆ 38. ಇಡೀ ಕ್ಲಾಸು ಒಮ್ಮೆಗೇ "ಆ..." ಅಂತು. ಆ ಹುಡುಗಿಯ ಮನೆಯಲ್ಲಿ ಆಗ ಇಂಟರ್ನೆಟ್ಟೂ ಇರಲಿಲ್ಲ, ದೊಡ್ಡ ಫೋನೂ ಇರಲಿಲ್ಲ. ಆದರೆ ಆ ಹುಡುಗ ಫೋನು ತರದೇ ಇದ್ದಿದ್ದರೆ ಅವಳಿಗೆ ಆ ಪ್ರಶ್ನೆಯನ್ನು ಯಾರೂ ಕೇಳುತ್ತಲೂ ಇರಲಿಲ್ಲ. ನಾನಂತೂ ರಿಟೈರ್ ಆಗುವವರೆಗೆ "ಎರಡನೇ ದೊಡ್ಡದು" ಅಂತಲೇ ಇರುತ್ತಿದ್ದೆ.

ಅಣ್ಣಾರೆ, ನಮ್ಮ ಕಾಲದ ಸಾಲಿಗೆ ಇದ್ದದ್ದು ಒಂದೇ ಬಾಯಿ, ಮಾಸ್ತರರದು. ಅದು ತಪ್ಪು ಹೇಳಿದರೆ ಊರೆಲ್ಲ ತಪ್ಪು. ನಿಮ್ಮ ಮಾಸ್ತರರಿಗೆ ನೀವು ಯಾವತ್ತಾದರೂ "ತಪ್ಪ ಐತ್ರಿ" ಅಂದಿದ್ದಿರಾ? ನಾನಂತೂ ಅಂದಿಲ್ಲ. ಅಂದಿದ್ದರೆ ಬೆರಳ ಗೆಣ್ಣಿನ ಮೇಲೆ ರೂಲುಕಟ್ಟಿಗೆ ಬೀಳುತ್ತಿತ್ತು. ಹಾಗಾಗಿ ನನ್ನ ತೀರ್ಪು ಇಷ್ಟು: ಸಾಲಿ ಮೊಮ್ಮಗನದೇ ಚಲೋ. ಸಾಲಿ ಬಿಟ್ಟ ಮೇಲಿನ ಸಂಜೆ ನಿಮ್ಮದೇ ಚಲೋ. ಅದು ಯಾಕೆ ಅಂತ ಕೆಳಗಿನ ಪತ್ರ ಓದಿದರೆ ತಿಳಿಯುತ್ತದೆ.

ಮಗ್ಗಿ ಕೇಳುವುದನ್ನು ಬಿಡಿ. ಅವನನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಹೊಲ ಅಳೆಯುವ ಆ್ಯಪ್ ಇರುತ್ತವೆ, ಫೋನು ಹಿಡಿದು ಬದುವಿನ ಮೇಲೆ ಒಂದು ಸುತ್ತು ಬಂದರೆ ಸಾಕು. ಅವನು ಹಾಗೆ ಅಳೆಯಲಿ. ನೀವು ಹೆಜ್ಜೆ ಹಾಕಿ ಅಳೆಯಿರಿ. ಎಕರೆಗೆ 40 ಗುಂಟೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ, ಅವನಿಗೆ ನೀವೇ ಹೇಳಬೇಕಾಗಬಹುದು. ಆಮೇಲೆ ಪಹಣಿ ತೆಗೆದು ನೋಡಿ. ಮೂರಕ್ಕೂ ಎಷ್ಟು ಫರಕು ಬಂತು, ನನಗೆ ಬರೆಯಿರಿ.

ಪ್ರಶ್ನೆ: ಮಗಳ ಸಾಲಿಯ ವಾಟ್ಸಾಪ್ ಗ್ರೂಪಿಗೆ ರಾತ್ರಿ ಒಂಬತ್ತೂವರೆಗೆ ಹೋಂವರ್ಕ್ ಬರುತ್ತದೆ. ಫೋನು ಇರುವುದು ಒಂದೇ, ನಮ್ಮನೆಯವರ ಹತ್ತಿರ. ಅವರು ರಾತ್ರಿ ಪಾಳಿಗೆ ಹೋದರೆ ನಮಗೆ ಗೊತ್ತೇ ಆಗುವುದಿಲ್ಲ. ಮರುದಿನ ಮಗಳಿಗೆ ಬೈಗುಳ. ಏನು ಮಾಡಲಿ?
– ಒಬ್ಬ ತಾಯಿ, ಇಂಡಿ

ಉತ್ತರ: ತಂಗಿ, ಈ ಚಟ ಹಚ್ಚಿದವರಲ್ಲಿ ನಾನೂ ಒಬ್ಬಳು. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ ನನ್ನ ಕ್ಲಾಸಿನಲ್ಲಿ 46 ಮಕ್ಕಳು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಅದನ್ನು ನೋಡಿ ಬರೆಯಲು ನಾನು ಪ್ರಶ್ನೆ ಕಳಿಸಬೇಕು. ಹಗಲು ಫೋನು ಮನೆಯಲ್ಲಿ ಇರುತ್ತಿದ್ದದ್ದು 19 ಮಕ್ಕಳಿಗೆ ಮಾತ್ರ. ಉಳಿದವರ ಫೋನು ಅಪ್ಪನ ಜೊತೆ ಹೊಲದಲ್ಲೋ, ಟಂಟಂ ಗಾಡಿಯಲ್ಲೋ. ಅಪ್ಪ ಮನೆಗೆ ಬಂದ ಮೇಲೆ ನೋಡಲಿ ಅಂತ ರಾತ್ರಿ ಕಳಿಸಲು ಶುರು ಮಾಡಿದೆ. ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಹೇಳಿದೆವು. ಫೋನಿನಲ್ಲಿ ಎರಡು ತಿಂಗಳು ಆಗದ ಬೀಜಗಣಿತ ಅಲ್ಲಿ ನಾಲ್ಕು ದಿನಕ್ಕೆ ಆಯಿತು.

ಕೊರೊನಾ ಹೋಯಿತು, ರಾತ್ರಿ ಕಳಿಸುವ ಚಟ ಉಳಿಯಿತು. ನಾವು ಕಲಿಯುವಾಗ ಗಂಟೆ ಬಾರಿಸಿದರೆ ಸಾಲಿ ಮುಗಿಯಿತು, ಮಾಸ್ತರರು ದಾರಿಯಲ್ಲಿ ಸಿಕ್ಕರೆ ಮಾತ್ರ ಸೈಕಲ್ಲಿನಿಂದ ಇಳಿಯಬೇಕು, ಅಷ್ಟೇ. ಈಗ ಸಾಲಿ ದಿಂಬಿನ ತನಕ ಬರುತ್ತದೆ.

ನಾಲ್ಕು ಜನ ತಾಯಂದಿರು ಕೂಡಿಕೊಂಡು ಸಾಲಿಗೆ ಹೋಗಿ. ಹೋಂವರ್ಕನ್ನು ಗಂಟೆ ಬಾರಿಸುವ ಮುಂಚೆ ಬೋರ್ಡಿನ ಮೇಲೆ ಬರೆಯಿರಿ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳಲಿ ಅಂತ ಕೇಳಿ. ನಿಮ್ಮನೆಯಲ್ಲಿ ಒಂದೇ ಫೋನು ಅಂತ ಹೇಳಲು ನಾಚಬೇಡಿ, ಎಷ್ಟೋ ಮನೆಯ ಕಥೆ ಅದೇ. ಗ್ರೂಪಿನಲ್ಲಿ ಮಾತ್ರ ಬರೆಯಬೇಡಿ. ಅಲ್ಲಿ ಬರೆದರೆ ಇಬ್ಬರು ಜಗಳಕ್ಕೆ ಬರುತ್ತಾರೆ, ಮೂವತ್ತು ಜನ ಕೈಮುಗಿದ ಚಿತ್ರ ಹಾಕುತ್ತಾರೆ, ಹೋಂವರ್ಕ್ ಒಂಬತ್ತೂವರೆಗೇ ಬರುತ್ತದೆ.

ಪ್ರಶ್ನೆ: ಮೇಡಂ, ಫ.ಗು. ಹಳಕಟ್ಟಿಯವರ ಮೇಲೆ ಪ್ರಾಜೆಕ್ಟ್ ಬರೆದೆ. ಇಂಟರ್ನೆಟ್ ನೋಡಿ ಬರೆದದ್ದು ಕಾಪಿ ಅಂತ ಸರ್ ತಿರುಗಿ ಕೊಟ್ಟರು. ನಿಮ್ಮ ಕಾಲದಲ್ಲಿ ಕಾಪಿ ಮಾಡುತ್ತಿರಲಿಲ್ಲವೇ?
– 9ನೇ ತರಗತಿ ವಿದ್ಯಾರ್ಥಿನಿ, ಬಸವನ ಬಾಗೇವಾಡಿ

ಉತ್ತರ: ಮಾಡುತ್ತಿದ್ದೆವು, ಪುಟ್ಟಿ. ವಿಜ್ಞಾನದ ಜರ್ನಲ್ಲನ್ನು ಅಕ್ಕನದು ನೋಡಿ ನಾನು ಬರೆದೆ, ನನ್ನದು ನೋಡಿ ತಂಗಿ ಬರೆದಳು. ಅಕ್ಕ ಹೃದಯದ ಚಿತ್ರದಲ್ಲಿ ಎಡ ಬಲ ಅದಲು ಬದಲು ಮಾಡಿದ್ದಳು. ಮೂವರೂ ಹಾಗೇ ಬರೆದೆವು. ಮೂವರಿಗೂ ಸಹಿ ಬಿತ್ತು!

ಹಳಕಟ್ಟಿಯವರೂ ಬೇರೆಯವರ ಮಾತನ್ನೇ ಬರೆದುಕೊಂಡವರು. ವಿಜಯಪುರದಲ್ಲಿ ವಕೀಲಿ ಮಾಡುತ್ತಾ ಮನೆ ಮನೆಗೆ, ಮಠ ಮಠಕ್ಕೆ ಹೋಗಿ ವಚನಗಳ ತಾಳೆಗರಿ ಕೂಡಿಸಿದರು. ಓದಿ, ಬರೆದು, ತಿದ್ದಿದರು. ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಇಲ್ಲಿ ಹೂಡಿದರು. ಅವರು ಅಷ್ಟು ತಿರುಗಿದ್ದಕ್ಕೇ ಇವತ್ತು ನಿನ್ನ ಫೋನಿನಲ್ಲಿ ಒಂದು ಪದ ಹೊಡೆದರೆ ವಚನ ಬರುತ್ತದೆ.

ನೀನು ಒಂದು ಕೆಲಸ ಮಾಡು. ನಿನ್ನ ಊರು ಬಸವಣ್ಣನವರು ಹುಟ್ಟಿದ ಊರು. ಓಣಿಯಲ್ಲಿ ವಚನ ಬಾಯಲ್ಲಿರುವ ಒಬ್ಬ ಅಜ್ಜಿಯಾದರೂ ಸಿಗುತ್ತಾರೆ. ಅವರು ಹೇಳುವುದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೋ. ಇಂಟರ್ನೆಟ್ಟಿನಲ್ಲಿರುವ ಅದೇ ವಚನದ ಪಕ್ಕ ಇಟ್ಟು ನೋಡು. ಎಲ್ಲಾದರೂ ಒಂದು ಪದ ಬೇರೆ ಇದ್ದರೆ ಅದರ ಮೇಲೆ ಒಂದು ಪುಟ ಬರೆ. ಎಲ್ಲೆಲ್ಲಿಂದ ತೆಗೆದುಕೊಂಡೆ ಅಂತ ಕೊನೆಗೆ ಬರೆಯುತ್ತೀಯಲ್ಲ, ಅಲ್ಲಿ ಅಜ್ಜಿಯ ಹೆಸರು ಮೊದಲು ಹಾಕು.