ಎದೆನೋವಿನ ಜೊತೆ ಬಿಪಿ ಕುಸಿದರೆ ಇಸಿಜಿ ಒಂದೇ ಸಾಲದು

ಪ್ರಶ್ನೆ: ತಂದೆಯವರಿಗೆ 61 ವರ್ಷ, ಬಿಪಿ ಕಾಯಿಲೆ ಇದೆ. ಇದ್ದಕ್ಕಿದ್ದಂತೆ ಎದೆನೋವು ಬಂದು, ಬೆವೆತು ಕುಸಿದರು. ಆಸ್ಪತ್ರೆಯಲ್ಲಿ ಬಿಪಿ 80/50. ಇಸಿಜಿ ನೋಡಿ ‘ಹಾರ್ಟ್ ಅಟ್ಯಾಕ್ ಥರ ಇದೆ’ ಎಂದವರೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡದೆ, ಎರಡೂ ತೋಳಿನ ಬಿಪಿ ನೋಡಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಸಿ.ಟಿ. ಸ್ಕ್ಯಾನ್‌ಗೆ ಕರೆದೊಯ್ದರು. ಸಮಯ ಹಾಳಾಗಲಿಲ್ಲವೇ?

ಉತ್ತರ: ಇಲ್ಲ, ಅವರು ಮಾಡಿದ್ದೇ ಸರಿ. ಬರೀ ಎದೆನೋವು ಬೇರೆ. ಅದರ ಜೊತೆ ಬಿಪಿ ಇಳಿದು, ಕೈಕಾಲು ತಣ್ಣಗಾಗಿ, ಮೂತ್ರ ಕಡಿಮೆಯಾಗುವ ಶಾಕ್ ಸ್ಥಿತಿ ಬೇರೆ. ಈ ಶಾಕ್‌ಗೆ ಕಾರಣಗಳು ಹಲವು. ಒಂದರಲ್ಲಿ ಜೀವ ಉಳಿಸುವ ಔಷಧ ಇನ್ನೊಂದರಲ್ಲಿ ಜೀವವನ್ನೇ ತೆಗೆದೀತು.

ಹೆಚ್ಚು ಮೋಸ ಮಾಡುವುದು ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಸೀಳು. ಒಳಪದರ ಹರಿದು ರಕ್ತ ಗೋಡೆಯ ಪದರಗಳ ನಡುವೆ ನುಗ್ಗುತ್ತದೆ. ಆ ಸೀಳು ಹೃದಯದ ಸ್ನಾಯುವಿಗೇ ರಕ್ತ ಕೊಡುವ ಬಲ ಕೊರೊನರಿ ನಾಳದ ಬಾಯಿ ಮುಚ್ಚಿದರೆ, ಇಸಿಜಿಯ 2, 3, ಎವಿಎಫ್ ಲೀಡ್‌ಗಳಲ್ಲಿ (ಹೃದಯವನ್ನು ಒಂದೊಂದು ಕೋನದಿಂದ ತೋರಿಸುವ ಗೆರೆಗಳು) ಎಸ್‌ಟಿ ಎಂಬ ಭಾಗ ಮೇಲೇರಿ ಹಾರ್ಟ್ ಅಟ್ಯಾಕ್‌ನದೇ ಚಿತ್ರ ಬರುತ್ತದೆ. ಆಗ ಹೆಪ್ಪು ಕರಗಿಸಿದರೆ ರಕ್ತಸ್ರಾವ ತಡೆಯುವುದೇ ಕಷ್ಟ. ಹಾರ್ಟ್ ಅಟ್ಯಾಕ್ ನೋವು ಸಾಮಾನ್ಯವಾಗಿ ನಿಮಿಷಗಳಲ್ಲಿ ಏರುತ್ತದೆ. ಸೀಳಿನ ನೋವು ಮೊದಲ ಕ್ಷಣದಲ್ಲೇ ತುದಿ ಮುಟ್ಟಿ, ಹಲವರಲ್ಲಿ ಬೆನ್ನಿಗೆ ಹರಿಯುತ್ತದೆ. ಎರಡು ತೋಳುಗಳ ಬಿಪಿಯ ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ ಅನುಮಾನಕ್ಕೆ ಸಾಕು, ವ್ಯತ್ಯಾಸ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಒಂದೇ ತೋಳು ನೋಡಿದಾಗಿನ ತಪ್ಪು ಗಮನಿಸಿ: ಸೀಳು ಬಲತೋಳಿನ ನಾಳವನ್ನು ಅಮುಕಿದ್ದರೆ ಅಲ್ಲಿ 80 ಬರುತ್ತದೆ, ಎಡತೋಳಿನಲ್ಲಿ 150 ಇರಬಹುದು. ಅದು ಶಾಕೇ ಅಲ್ಲ.

ಶಾಕ್ ನಿಜವಾದರೆ ವೈದ್ಯರು ಮಂಚದ ತಲೆಯ ಕಡೆ 45 ಡಿಗ್ರಿ ಎತ್ತಿ ಕತ್ತಿನ ರಕ್ತನಾಳ ನೋಡುತ್ತಾರೆ. ಖರ್ಚಿಲ್ಲದ ಈ ಪರೀಕ್ಷೆಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಎಂಬುದು ನಮ್ಮ ಬೇಸರ. ನಾಳ ಚಪ್ಪಟೆಯಾಗಿದ್ದರೆ ಒಳಗೆ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು. ಉಬ್ಬಿದ್ದರೆ ಶ್ವಾಸಕೋಶ ಆಲಿಸಬೇಕು. ಒಂದು ಕಡೆ ಉಸಿರಿನ ಸದ್ದೇ ಇಲ್ಲ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ ಎಂದರೆ ಎದೆಗೂಡಿನಲ್ಲಿ ಗಾಳಿ ಸಿಕ್ಕಿಕೊಂಡು ಒತ್ತುತ್ತಿದೆ. ಎಕ್ಸ್‌ರೇಗೆ ಕಾಯದೆ ಸೂಜಿ ಹಾಕಿ ಗಾಳಿ ಬಿಡಬೇಕು. ಎರಡೂ ಕಡೆ ಕರಕರ ಸದ್ದಿದ್ದರೆ ಎಡ ಹೃದಯ ಸೋತಿದೆ ಎಂಬ ಸುಳಿವು. ಶ್ವಾಸಕೋಶ ಸ್ವಚ್ಛವಾಗಿದ್ದೂ ನಾಳ ಉಬ್ಬಿದ್ದರೆ ಉಳಿಯುವುದು ಮುಖ್ಯವಾಗಿ ಮೂರು: ಹೃದಯದ ಸುತ್ತಲ ಚೀಲದಲ್ಲಿ ರಕ್ತ ಅಥವಾ ದ್ರವ ತುಂಬಿರುವುದು, ಶ್ವಾಸಕೋಶದ ನಾಳದಲ್ಲಿ ದೊಡ್ಡ ಹೆಪ್ಪು, ಬಲ ಹೃತ್ಕುಕ್ಷಿಯ (ಹೃದಯದ ಬಲ ಕೆಳಕೋಣೆಯ) ಆಘಾತ, ಅಂದರೆ ಅಲ್ಲಿನ ಹಾರ್ಟ್ ಅಟ್ಯಾಕ್. ಇಲ್ಲಿ ಎಕೋ ಬೇಕೇ ಬೇಕು. ಚೀಲದ ದ್ರವ ನೇರ ಕಾಣುತ್ತದೆ. ದೊಡ್ಡ ಹೆಪ್ಪಿದ್ದರೆ ಬಲ ಕುಕ್ಷಿ ಹಿಗ್ಗಿರುತ್ತದೆ. ಬಲಕುಕ್ಷಿಯ ಆಘಾತಕ್ಕೆ ಎದೆಯ ಬಲಭಾಗದಲ್ಲಿ ತೆಗೆಯುವ ಇಸಿಜಿಯ ವಿ4ಆರ್ ಲೀಡ್ ಸಾಕ್ಷಿ ಹೇಳುತ್ತದೆ.

ಇಸಿಜಿ ಮಾತ್ರ ರೋಗಿ ಆಸ್ಪತ್ರೆಗೆ ಬಂದ 10 ನಿಮಿಷದೊಳಗೆ ಆಗಬೇಕು, ಅದರಲ್ಲಿ ರಾಜಿಯಿಲ್ಲ.

ಪ್ರಶ್ನೆ: ಎದೆನೋವು ಬಂದ ತಕ್ಷಣ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಕೊಡಬಹುದೇ?

ಉತ್ತರ: ವೈದ್ಯರು ಆ ರೋಗಿಗೇ ಬರೆದುಕೊಟ್ಟಿದ್ದರೆ, ಬಿಪಿ ಚೆನ್ನಾಗಿದ್ದರೆ ಸರಿ. ತಲೆಸುತ್ತು, ತಣ್ಣನೆಯ ಬೆವರು, ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆ ಇದ್ದರೆ ಬೇಡ. ಮಾತ್ರೆ ರಕ್ತನಾಳ ಹಿಗ್ಗಿಸಿ ಹೃದಯಕ್ಕೆ ಮರಳುವ ರಕ್ತ ತಗ್ಗಿಸುತ್ತದೆ; ಬಲಕುಕ್ಷಿ ಸೋತವರು ಆ ರಕ್ತವನ್ನೇ ನಂಬಿರುತ್ತಾರೆ. ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ ಕಳೆಯದವರಿಗೂ ಕೊಡಬಾರದು. ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಪ್ರಶ್ನೆ: ಟ್ರೋಪೋನಿನ್ ನಾರ್ಮಲ್ ಬಂದರೂ ಮನೆಗೆ ಕಳಿಸಲಿಲ್ಲ, ಏಕೆ?

ಉತ್ತರ: ಟ್ರೋಪೋನಿನ್ ಹೃದಯದ ಸ್ನಾಯುವಿನ ಒಂದು ಪ್ರೋಟೀನ್; ಸ್ನಾಯುವಿಗೆ ಹಾನಿಯಾದಾಗ ಅದು ರಕ್ತಕ್ಕೆ ಬರಲು ಸಮಯ ಬೇಕು. ನೋವು ಶುರುವಾದ ಮೊದಲ ಗಂಟೆಗಳಲ್ಲಿ ನಾರ್ಮಲ್ ಇರಬಹುದು. ಆದ್ದರಿಂದ ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಮಹಾಪಧಮನಿಯ ಸೀಳನ್ನಂತೂ ಈ ಪರೀಕ್ಷೆ ತಳ್ಳಿಹಾಕುವುದೇ ಇಲ್ಲ.